ದಾದಿಯು ಅಪೂರ್ಣ ವೈದ್ಯಳಲ್ಲ
(ಕ್ಯಾರೊಲ್ ಹ್ಯಾಥವೇ ಎಂಬ ಕಲ್ಪಿತ ಪಾತ್ರವನ್ನು ಕುರಿತ ಒಂದು ಪಾಠ)



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಪಾಠವೆಂದರೆ ಅದು ಯಾವಳಾದರೊಬ್ಬ ಸಾಧ್ವಿಯ ಅಥವಾ ದೇಶಸೇವಕಿಯ ಚರಿತ್ರೆಯಾಗಿರುವುದೆಂದು ನೀವು ಎಣಿಸುವುದು ಸಹಜವೇ ಸರಿ. ಆದರೆ ಈ ಸಲ ನಾನು ಆರಿಸಿಕೊಂಡಿರುವ ಸ್ತ್ರೀಯು ಯಾವ ಊರಿನ ಜನನ ಪಟ್ಟಿಯಲ್ಲಿಯೂ ಸೇರಿದವಳಲ್ಲ. ಅವಳು ಅಮೆರಿಕ ದೇಶದ ಟೆಲಿವಿಷನ್ ಧಾರಾವಾಹಿಯೊಂದರಲ್ಲಿ ಬರುವ ಕಲ್ಪಿತ ದಾದಿ. ಕ್ಯಾರೊಲ್ ಹ್ಯಾಥವೇ ಎಂಬುದು ಅವಳ ಹೆಸರು.

ಕಲ್ಪಿತ ವ್ಯಕ್ತಿಯಿಂದ ಪಾಠ ಕಲಿಯಬಹುದೇ ಎಂದು ಯಾರಾದರೂ ಕೇಳಿಯಾರು. ತಪ್ಪಿಹೋದ ಮಗನಾಗಲಿ, ಹತ್ತು ಮಂದಿ ಕನ್ಯೆಯರಾಗಲಿ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನಾಗಲಿ ದೃಷ್ಟಾಂತಗಳಲ್ಲಿ ಬರುವವರೇ ಹೊರತು ಇತಿಹಾಸದಲ್ಲಿ ಬರುವವರಲ್ಲ. ಆದರೂ ಅವರಿಂದ ನಾವು ಕಲಿತದ್ದು ಅನೇಕ ಅರಸರ ಚರಿತ್ರೆಯಿಂದ ಕಲಿತದ್ದಕ್ಕಿಂತ ಹೆಚ್ಚು. ಆದಕಾರಣ ಪಾತ್ರವು ಕಲ್ಪಿತವೆಂಬ ಮಾತ್ರಕ್ಕೆ ಅದನ್ನು ತಳ್ಳಿಬಿಡಬೇಕಾಗಿಲ್ಲ. ಅದು ಎತ್ತುವ ಪ್ರಶ್ನೆಯು ನಿಜವಾದದ್ದೇ ಎಂಬುದನ್ನು ಮಾತ್ರ ನೋಡತಕ್ಕದ್ದು.

ಪ್ರಶ್ನೆಯಂತೂ ನಿಜವಾದದ್ದೇ. ವರ್ಷ ವರ್ಷವೂ ಪರೀಕ್ಷೆಯ ಫಲಿತಾಂಶ ಹೊರಬಿದ್ದ ತರುವಾಯ ತಂದೆತಾಯಿಗಳು ಮಗಳನ್ನು ಕರೆದುಕೊಂಡು ಶಾಲೆಗೆ ಬರುತ್ತಾರೆ. ಹುಡುಗಿಗೆ ಒಳ್ಳೆಯ ಅಂಕಗಳು ಬಂದಿರುತ್ತವೆ. ಅವಳು ಮೆಲ್ಲನೆ, ತಾನು ನರ್ಸಿಂಗ್ ಓದಬೇಕೆಂದಿದ್ದೇನೆ ಎನ್ನುತ್ತಾಳೆ. ಆಗ ತಂದೆಯು, “ಇಷ್ಟು ಅಂಕ ತೆಗೆದವಳು ನರ್ಸ್ ಆಗುವುದೇ, ಮೇಡಂ? ಡಾಕ್ಟರಾಗಲು ಆಗದವರಲ್ಲವೇ ಅಲ್ಲಿಗೆ ಹೋಗುವುದು?” ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಮಗಳ ಮೇಲಿನ ಪ್ರೀತಿಯಿದೆ. ಅದರೊಂದಿಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ದಾದಿಯೆಂದರೆ ಮೇಲಿನ ಮೆಟ್ಟಲನ್ನು ಏರಲಾರದೆ ನಡುವೆ ನಿಂತ ವೈದ್ಯಳು ಎಂಬುದೇ ಆ ತಪ್ಪು ತಿಳಿವಳಿಕೆ. ಕ್ಯಾರೊಲ್ ಹ್ಯಾಥವೇಯ ಕಥೆಯು ಈ ಪ್ರಶ್ನೆಗೆ ನೇರವಾಗಿ ಮುಖಕೊಟ್ಟಿರುವುದರಿಂದಲೇ ನಾನು ಅದನ್ನು ಪಾಠವಾಗಿ ತೆಗೆದುಕೊಂಡಿದ್ದೇನೆ.

1. ನಾಟಕವೂ ಅದರ ನೆಲೆಯೂ

ಧಾರಾವಾಹಿಯ ಹೆಸರು ‘ಈ.ಆರ್.’. ಎಮರ್ಜೆನ್ಸಿ ರೂಮ್ ಎಂಬ ಮಾತಿನ ಸಂಕ್ಷೇಪವಿದು. ಅಂದರೆ ಅಪಘಾತಕ್ಕೀಡಾದವರನ್ನೂ ಹಠಾತ್ತಾಗಿ ಕಾಯಿಲೆ ಬಿದ್ದವರನ್ನೂ ಮೊತ್ತಮೊದಲು ಕರೆತರುವ ತುರ್ತು ಚಿಕಿತ್ಸೆಯ ವಿಭಾಗ. ಇದನ್ನು ರಚಿಸಿದ ಮೈಕೆಲ್ ಕ್ರೈಟನ್ ಎಂಬವರು 1969ರಲ್ಲಿ ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದಿಂದ ಪದವಿಯನ್ನು ಪಡೆದರೂ ವೈದ್ಯವೃತ್ತಿಯನ್ನು ಬಿಟ್ಟು ಲೇಖನವೃತ್ತಿಯನ್ನು ಹಿಡಿದರು. 1974ರಲ್ಲಿ ಅವರು ಆಸ್ಪತ್ರೆಯ ಜೀವನವನ್ನು ಕುರಿತು ಬರೆದಿಟ್ಟ ಚಿತ್ರಕಥೆಯು ಇಪ್ಪತ್ತು ವರ್ಷಗಳ ತರುವಾಯ ಧಾರಾವಾಹಿಯ ಮೊದಲನೆಯ ಕಂತಾಯಿತು. ಅದು 1994ರ ಸೆಪ್ಟೆಂಬರ್ 19ರಂದು ಪ್ರಸಾರವಾಗತೊಡಗಿ 2009ರ ಏಪ್ರಿಲ್ 2ರಂದು ಮುಗಿಯಿತು. ಹದಿನೈದು ಸರಣಿಗಳಲ್ಲಿ ಒಟ್ಟು 331 ಕಂತುಗಳಾದವು.

ಕಥೆ ನಡೆಯುವುದು ಶಿಕಾಗೋ ನಗರದ ‘ಕೌಂಟಿ ಜನರಲ್’ ಎಂಬ ಕಲ್ಪಿತ ಆಸ್ಪತ್ರೆಯಲ್ಲಿ. ಆ ನಗರದಲ್ಲಿದ್ದ ಕುಕ್ ಕೌಂಟಿ ಆಸ್ಪತ್ರೆಯೆಂಬ ನಿಜವಾದ ಆಸ್ಪತ್ರೆಯೇ ಇದಕ್ಕೆ ಮಾದರಿ. ಹಣವಿಲ್ಲದ ಬಡವರೂ ಹೊರದೇಶಗಳಿಂದ ಬಂದ ಕೂಲಿಗಾರರೂ ಚಿಕಿತ್ಸೆಗಾಗಿ ಬಂದು ಸೇರುತ್ತಿದ್ದ ಸಾರ್ವಜನಿಕ ಆಸ್ಪತ್ರೆ ಅದು. ಅದರ ಕೆಲಸವನ್ನು 2002ರಲ್ಲಿ ಹೊಸ ಹೆಸರಿನ ಹೊಸ ಕಟ್ಟಡಕ್ಕೆ ವರ್ಗಾಯಿಸಲಾಯಿತು. ದಾದಿಯರ ಇತಿಹಾಸದಲ್ಲಿಯೂ ಈ ಆಸ್ಪತ್ರೆಗೆ ಸ್ಥಾನವಿದೆ. 1880ರಲ್ಲಿ ಸ್ಥಾಪಿತವಾದ ಇಲಿನಾಯ್ ದಾದಿಯರ ತರಬೇತು ಶಾಲೆಯ ವಿದ್ಯಾರ್ಥಿನಿಯರು ಕೆಲಸ ಕಲಿತದ್ದು ಇದರ ವಾರ್ಡುಗಳಲ್ಲಿಯೇ. 1886ರಲ್ಲಿ ಆ ಶಾಲೆಯ ಮೇಲ್ವಿಚಾರಕಿಯಾಗಿ ಬಂದ ಇಸಬೆಲ್ ಹ್ಯಾಂಪ್ಟನ್ ಎಂಬವರು 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ದಾದಿಯರ ಶಾಲೆಗೆ ಮುಖ್ಯಸ್ಥೆಯಾಗಿ ಹೋಗಿ, ಅಮೆರಿಕದಲ್ಲಿ ದಾದಿಯರ ಶಿಕ್ಷಣವನ್ನು ಕ್ರಮಪಡಿಸಿದವರಲ್ಲಿ ಅಗ್ರಗಣ್ಯರೆನಿಸಿಕೊಂಡರು. ಕಲ್ಪಿತ ದಾದಿಯಾದ ಕ್ಯಾರೊಲಳನ್ನು ನಿಲ್ಲಿಸಿರುವ ನೆಲವು ಹೀಗೆ ನಿಜವಾದ ಚರಿತ್ರೆಯುಳ್ಳದ್ದು.

2. ಕ್ಯಾರೊಲ್ ಹ್ಯಾಥವೇ ಯಾರು?

ಕ್ಯಾರೊಲಳು ಆ ತುರ್ತು ವಿಭಾಗದ ಮುಖ್ಯ ದಾದಿ. ಈ ಪಾತ್ರವನ್ನು ಅಭಿನಯಿಸಿದವರು ಜೂಲಿಯಾನಾ ಮಾರ್ಗೂಲೀಸ್. ಇದಕ್ಕಾಗಿ ಅವರಿಗೆ 1995ರಲ್ಲಿ ಎಮಿ ಎಂಬ ಪ್ರಶಸ್ತಿಯು ದೊರಕಿತು. ಆದರೆ ಈ ಪಾತ್ರವು ಮೊದಲ ಕಂತಿನಲ್ಲಿಯೇ ಅಳಿದುಹೋಗಬೇಕಾಗಿತ್ತೆಂಬುದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಆ ಕಂತಿನಲ್ಲಿ ಕ್ಯಾರೊಲಳು ಮನಸ್ಸು ಒಡೆದು, ಮಾತ್ರೆಗಳನ್ನು ಮಿತಿಮೀರಿ ನುಂಗಿ, ತಾನು ದುಡಿಯುವ ವಿಭಾಗಕ್ಕೇ ರೋಗಿಯಾಗಿ ಬರುತ್ತಾಳೆ. ದಿನವೂ ಅವಳೊಂದಿಗೆ ಕೆಲಸ ಮಾಡುತ್ತಿದ್ದವರು ಗಾಲಿಮಂಚದ ಮೇಲೆ ಮಲಗಿರುವ ಅವಳನ್ನು ಕಂಡು ಸ್ತಬ್ಧರಾಗುತ್ತಾರೆ. ಅವಳು ಸಾಯುವಳೆಂದೇ ಕಥೆಯನ್ನು ಮೊದಲು ಹೂಡಲಾಗಿತ್ತು. ಆದರೆ ಕಂತನ್ನು ನೋಡಿದವರ ಮನಸ್ಸು ಈ ದಾದಿಯ ಕಡೆಗೆ ವಾಲಿದ್ದರಿಂದ ಅವಳನ್ನು ಬದುಕಿಸಿದರು. ಅವಳು 2000ದ ವರೆಗೆ ಆರು ಸರಣಿಗಳಲ್ಲಿ ಉಳಿದಳು.

ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇತರರ ನೋವನ್ನು ಹೊರುವವರಿಗೂ ನೋವಿದೆ. ದಾದಿಯನ್ನು ದೇವದೂತಳೆಂದು ಹೊಗಳಿ ಅವಳ ಮನುಷ್ಯತ್ವವನ್ನು ಮರೆತುಬಿಡುವುದು ನಮ್ಮಲ್ಲಿಯೂ ಇರುವ ರೂಢಿ. ರಾತ್ರಿಯ ಪಾಳಿ ಮುಗಿಸಿ ಬಂದ ಮಗಳು ಮಾತಾಡದೆ ಕುಳಿತಿದ್ದರೆ ತಾಯಿಯು ಕಾರಣವನ್ನು ಕೇಳಬೇಕು. ಸಂಬಳ ಬಂತೇ ಎಂದು ಮಾತ್ರ ಕೇಳಬಾರದು. ಕ್ಯಾರೊಲಳು ಮತ್ತೆ ಎದ್ದು ಅದೇ ವಿಭಾಗಕ್ಕೆ ಕೆಲಸಕ್ಕೆ ಬಂದದ್ದು ಒಬ್ಬಳದೇ ಧೈರ್ಯದಿಂದಲ್ಲ, ಜೊತೆಯವರ ಆರೈಕೆಯಿಂದಲೂ ಹೌದು.

3. ಅವಳ ಕೆಲಸವೆಂಥದು?

ತುರ್ತು ವಿಭಾಗದಲ್ಲಿ ರೋಗಿಯನ್ನು ಮೊದಲು ಪರೀಕ್ಷಿಸಿ ನೋಡುವವಳು ಸಾಮಾನ್ಯವಾಗಿ ದಾದಿ. ಬಂದವರಲ್ಲಿ ಯಾರು ಒಂದು ನಿಮಿಷವೂ ಕಾಯಲಾರರು, ಯಾರು ಒಂದು ಗಂಟೆ ಕಾಯಬಲ್ಲರು ಎಂದು ವಿಂಗಡಿಸುವ ಈ ಕೆಲಸಕ್ಕೆ ‘ಟ್ರಿಯಾಜ್’ ಎನ್ನುತ್ತಾರೆ. ಬೇರ್ಪಡಿಸು ಎಂಬರ್ಥದ ಫ್ರೆಂಚ್ ಮಾತಿನಿಂದ ಇದು ಬಂದಿದೆ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯರಾಗಿದ್ದ ಲ್ಯಾರೆ ಎಂಬವರು, ಗಾಯಗೊಂಡವನು ಸರದಾರನೋ ಸಿಪಾಯಿಯೋ ಎಂಬುದನ್ನು ಎಣಿಸದೆ ಗಾಯವು ಎಷ್ಟು ಕಠಿಣವೆಂಬುದನ್ನೇ ನೋಡಿ ಚಿಕಿತ್ಸೆ ಮಾಡಬೇಕೆಂದು ಹಾಕಿಕೊಟ್ಟ ಪದ್ಧತಿಯು ಇದರ ಮೂಲಗಳಲ್ಲೊಂದು. ಜೋರಾಗಿ ಅರಚುವವನಿಗೆ ಕೈ ಮುರಿದಿರಬಹುದು. ಮೂಲೆಯಲ್ಲಿ ಸದ್ದಿಲ್ಲದೆ ಬೆವರುತ್ತ ಕುಳಿತವನಿಗೆ ಹೃದಯಾಘಾತವಾಗುತ್ತಿರಬಹುದು. ಅರಚಾಟಕ್ಕೆ ಮಣಿಯದೆ ಮೌನವನ್ನು ಓದುವುದೇ ಇಲ್ಲಿಯ ವಿದ್ಯೆ.

ವಾರ್ಡಿನಲ್ಲಿಯೂ ಹೀಗೆಯೇ. ವೈದ್ಯರು ಬೆಳಗ್ಗೆ ರೋಗಿಯ ಬಳಿ ಕೆಲವು ನಿಮಿಷ ನಿಂತು ಹೋಗುತ್ತಾರೆ. ಮಿಕ್ಕ ಹಗಲಿನಲ್ಲಿಯೂ ಇಡೀ ರಾತ್ರಿಯಲ್ಲಿಯೂ ಮಂಚದ ಪಕ್ಕಕ್ಕೆ ಬಂದುಹೋಗುವವಳು ದಾದಿ. ನಾಡಿಯು ಏರಿತೇ, ಉಸಿರು ಹೆಚ್ಚಿತೇ, ಚರ್ಮದ ಬಣ್ಣ ಬದಲಾಯಿತೇ, ಮೂತ್ರದ ಪ್ರಮಾಣ ಇಳಿಯಿತೇ, ನಿನ್ನೆ ಸರಿಯಾಗಿ ಮಾತಾಡುತ್ತಿದ್ದ ಮುದುಕರು ಇಂದು ತಡವರಿಸುತ್ತಿರುವರೇ ಎಂದು ಕಾಣುವವಳು ಅವಳೇ. ಔಷಧ ಕೊಡುವಾಗ ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಸರಿಗಳನ್ನು ಅವಳು ಪ್ರತಿ ಸಾರಿಯೂ ನೋಡಬೇಕು. ವೈದ್ಯರು ಬರೆದ ಪ್ರಮಾಣವು ತಪ್ಪೆಂದು ತೋರಿದರೆ ಅದನ್ನು ತಡೆದು ಕೇಳುವುದೂ ಅವಳ ಕರ್ತವ್ಯವೇ. ಹೇಳಿದ್ದನ್ನು ಮಾಡುವ ಆಳಿನ ಕೆಲಸವಲ್ಲ ಇದು. ತಾನೇ ನೋಡಿ ತಾನೇ ತೀರ್ಮಾನಿಸುವವಳ ಕೆಲಸ.

4. ಗೆದ್ದ ಮೇಲೂ ಉಳಿದವಳು

ಈಗ ಪಾಠದ ಮುಖ್ಯ ಘಟ್ಟಕ್ಕೆ ಬರೋಣ. ಧಾರಾವಾಹಿಯ ಮೂರನೆಯ ಸರಣಿಯಲ್ಲಿ, ಅಂದರೆ 1996-97ರಲ್ಲಿ, ಕ್ಯಾರೊಲಳಿಗೆ ತನ್ನ ಕೆಲಸದ ವಿಷಯದಲ್ಲಿ ಬೇಸರ ಹುಟ್ಟುತ್ತದೆ. ತನಗೆ ತಿಳಿದಷ್ಟು ತಿಳಿಯದ ಎಳೆಯ ವೈದ್ಯರ ಕೆಳಗೆ ತಾನೇಕೆ ನಿಲ್ಲಬೇಕು, ತಾನೇ ವೈದ್ಯಳಾಗಬಾರದೇಕೆ ಎಂದು ಅವಳು ಯೋಚಿಸುತ್ತಾಳೆ. ಅಮೆರಿಕದಲ್ಲಿ ವೈದ್ಯ ವಿದ್ಯಾಲಯಗಳಿಗೆ ಸೇರಬೇಕಾದವರು ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಕ್ಯಾರೊಲಳು ಆ ಪರೀಕ್ಷೆಗೆ ಓದಿಕೊಳ್ಳುತ್ತಾಳೆ, ಬರೆಯುತ್ತಾಳೆ, ಹೆಚ್ಚು ಅಂಕಗಳಿಂದ ತೇರ್ಗಡೆಯಾಗುತ್ತಾಳೆ. ಬಾಗಿಲು ತೆರೆದೇ ಇದೆ. ಆದರೂ ಅವಳು ಒಳಗೆ ಹೋಗುವುದಿಲ್ಲ. ದಾದಿಯಾಗಿಯೇ ಉಳಿಯುವೆನೆಂದು ನಿಶ್ಚಯಿಸುತ್ತಾಳೆ.

ಈ ನಿಶ್ಚಯದ ಬೆಲೆಯು ಇರುವುದೆಲ್ಲಿ ಎಂಬುದನ್ನು ಚೆನ್ನಾಗಿ ನೋಡಬೇಕು. ಅವಳು ಪರೀಕ್ಷೆಯಲ್ಲಿ ಸೋತು ಹಿಂದಿರುಗಿದ್ದರೆ ಲೋಕವು, ಪಾಪ, ಆಗಲಿಲ್ಲ ಎನ್ನುತ್ತಿತ್ತು. ಪರೀಕ್ಷೆಯನ್ನೇ ಬರೆಯದಿದ್ದರೆ, ಹೆದರಿದಳು ಎನ್ನುತ್ತಿತ್ತು. ಅವಳು ಬರೆದು ಗೆದ್ದು ಉಳಿದದ್ದರಿಂದ ಆ ಎರಡು ಮಾತುಗಳಿಗೂ ಎಡೆಯಿಲ್ಲದೆ ಹೋಯಿತು. ಶಕ್ತಿಯಿದೆಯೇ ಎಂಬುದೊಂದು ಪ್ರಶ್ನೆ. ಆ ಶಕ್ತಿಯನ್ನು ಯಾವ ಕೆಲಸಕ್ಕೆ ಕೊಡಬೇಕೆಂಬುದು ಬೇರೊಂದು ಪ್ರಶ್ನೆ. ಅಂಕಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಬಲ್ಲವು.

ಅವಳು ಉಳಿದು ಸುಮ್ಮನಿರಲಿಲ್ಲ. ಮುಂದಿನ ಸರಣಿಯಲ್ಲಿ ಅವಳು ತುರ್ತು ವಿಭಾಗದೊಳಗೇ ಬಡವರಿಗಾಗಿ ಒಂದು ಉಚಿತ ಚಿಕಿತ್ಸಾಲಯವನ್ನು ತೆರೆಯುತ್ತಾಳೆ. ಅದಕ್ಕೆ ಬೇಕಾದ ಹಣವನ್ನು ಜಾನ್ ಕಾರ್ಟರ್ ಎಂಬ ತರುಣ ವೈದ್ಯನ ಶ್ರೀಮಂತ ಅಜ್ಜಿಯಿಂದ ಕೇಳಿ ಪಡೆಯುತ್ತಾಳೆ. ತುರ್ತು ವಿಭಾಗಕ್ಕೆ ಬರುವ ಅನೇಕರ ಕಾಯಿಲೆಯು ತುರ್ತಾದದ್ದೇ ಅಲ್ಲ, ಬೇರೆಲ್ಲಿಯೂ ಹೋಗಲು ದಿಕ್ಕಿಲ್ಲದ್ದರಿಂದ ಅವರು ಅಲ್ಲಿಗೆ ಬರುತ್ತಾರೆಂಬುದನ್ನು ಬಾಗಿಲಲ್ಲಿ ನಿಂತವಳು ಕಂಡುಕೊಂಡದ್ದರಿಂದಲೇ ಈ ಕೆಲಸವು ಹುಟ್ಟಿತು.

5. ಬೇರೆ ದಾರಿ ಹಿಡಿದವಳು

ಒಂದೇ ಕಡೆಯ ಮಾತನ್ನು ಹೇಳಿ ಬಿಟ್ಟರೆ ಪಾಠವು ನ್ಯಾಯವಾಗದು. ಅದೇ ಧಾರಾವಾಹಿಯಲ್ಲಿ ಆಬಿ ಲಾಕ್‌ಹಾರ್ಟ್ ಎಂಬ ಮತ್ತೊಬ್ಬ ದಾದಿಯಿದ್ದಾಳೆ. ಈ ಪಾತ್ರವನ್ನು ಅಭಿನಯಿಸಿದವರು ಮಾರಾ ಟಿಯರ್ನಿ. 1999ರ ನವೆಂಬರಿನಲ್ಲಿ ಕ್ಯಾರೊಲಳು ಅವಳಿ ಹೆಣ್ಣುಮಕ್ಕಳನ್ನು ಹೆರುವಾಗ ಹೆರಿಗೆಯ ವಿಭಾಗದ ದಾದಿಯಾಗಿ ಆಬಿ ನಮಗೆ ಮೊದಲು ಕಾಣಿಸಿಕೊಳ್ಳುತ್ತಾಳೆ. ಅವಳು ವೈದ್ಯ ವಿದ್ಯಾರ್ಥಿನಿಯೂ ಆಗಿದ್ದಳು. ಆದರೆ ಅವಳನ್ನು ಬಿಟ್ಟ ಗಂಡನು ಶುಲ್ಕವನ್ನು ಕಟ್ಟದೆ ಹೋದ ಕಾರಣ ಓದು ನಿಂತು, ಮರಳಿ ದಾದಿಯ ಕೆಲಸಕ್ಕೆ ಬರಬೇಕಾಯಿತು. ಮನೋರೋಗದಿಂದ ನರಳುವ ತಾಯಿ, ಕುಡಿತದ ಚಟದೊಂದಿಗೆ ತನ್ನದೇ ಹೋರಾಟ, ಇವುಗಳ ನಡುವೆ ವರ್ಷಗಳು ಕಳೆದವು. 2003-04ರ ಸರಣಿಯಲ್ಲಿ ಅವಳು ಮತ್ತೆ ಓದಿಗೆ ಸೇರಿ, ತೇರ್ಗಡೆಯಾಗಿ, ವೈದ್ಯಳಾದಳು. 2008ರಲ್ಲಿ ವೈದ್ಯಳಾಗಿಯೇ ಆ ಆಸ್ಪತ್ರೆಯಿಂದ ಬೀಳ್ಕೊಂಡಳು.

ಆಬಿಯು ತಪ್ಪು ಮಾಡಿದಳೇ? ಇಲ್ಲ. ಅವಳ ಮನಸ್ಸಿನಲ್ಲಿ ಮೊದಲಿಂದಲೂ ಇದ್ದದ್ದು ವೈದ್ಯಶಾಸ್ತ್ರವೇ. ಹಣದ ಅಡಚಣೆಯಿಂದ ತಡೆದುನಿಂತದ್ದನ್ನು ಅವಳು ಪೂರ್ಣಮಾಡಿದಳು. ಹೆಣ್ಣುಮಗಳ ಓದು ಗಂಡನ ಕೈಯಲ್ಲಿರುವ ಶುಲ್ಕದ ಮೇಲೆ ನಿಂತಿರಬಾರದೆಂಬ ಪಾಠವೂ ಅವಳ ಕಥೆಯಲ್ಲಿದೆ. ಆದರೆ ಅಮೆರಿಕದಲ್ಲಿ ದಾದಿಯರ ಪರವಾಗಿ 2001ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟಿದ ಒಂದು ಸಂಘವು ಈ ಕಥೆಯ ಮೇಲೆ ಆಕ್ಷೇಪವೆತ್ತಿತು. ದಾದಿಯು ವೈದ್ಯಳಾಗುವುದನ್ನು ಬಡ್ತಿಯೆಂಬಂತೆ ತೋರಿಸಿದರೆ, ಜಾಣೆಯಾದ ದಾದಿಯು ಎಂದಾದರೊಂದು ದಿನ ಈ ಕೆಲಸವನ್ನು ಬಿಟ್ಟೇ ಬಿಡುವಳೆಂಬ ಅಭಿಪ್ರಾಯವು ಜನರಲ್ಲಿ ಬೇರೂರುವುದೆಂಬುದೇ ಆ ಆಕ್ಷೇಪ. ನನಗೆ ಇದು ಸಾಧುವಾಗಿ ತೋರುತ್ತದೆ. ಆಬಿಯ ಆಯ್ಕೆಯು ಸರಿ. ಅದನ್ನು ಏಣಿಯ ಮೇಲಿನ ಮೆಟ್ಟಲೆಂದು ಕಾಣುವ ನಮ್ಮ ದೃಷ್ಟಿಯು ಸರಿಯಲ್ಲ. ಉಪಾಧ್ಯಾಯಿನಿಯೊಬ್ಬಳು ವಕೀಲಳಾದರೆ ಅವಳಿಗೆ ಬಡ್ತಿಯಾಯಿತೆನ್ನುವುದಿಲ್ಲ, ವೃತ್ತಿಯನ್ನು ಬದಲಿಸಿದಳೆನ್ನುತ್ತೇವೆ. ಇಲ್ಲಿಯೂ ಹಾಗೆಯೇ ಅನ್ನತಕ್ಕದ್ದು.

6. ನಾಟಕವು ಮರೆಮಾಡಿದ ಸಂಗತಿ

ನಾಟಕಕ್ಕೆ ತನ್ನದೇ ಆದ ದೋಷವೂ ಉಂಟು. ಇಂಥ ಧಾರಾವಾಹಿಗಳಲ್ಲಿ ಗಳಿಗೆ ಗಳಿಗೆಗೂ ರೋಗಿಯ ಪಕ್ಕದಲ್ಲಿ ನಿಂತು, ಮದ್ದು ಕೊಟ್ಟು, ಕೈಹಿಡಿದು ಸಮಾಧಾನ ಹೇಳುವವರು ವೈದ್ಯರೇ. ನಿಜವಾದ ಆಸ್ಪತ್ರೆಯಲ್ಲಿ ಇವುಗಳಲ್ಲಿ ಬಹುಪಾಲನ್ನು ಮಾಡುವವರು ದಾದಿಯರು. ಕ್ಯಾರೊಲಳ ಜೊತೆಯಲ್ಲಿ ಹೇಲಿ ಆಡಮ್ಸ್ ಎಂಬ ದಾದಿಯ ಪಾತ್ರವೊಂದಿದೆ. ಇವೆಟ್ ಫ್ರೀಮನ್ ಎಂಬವರು ಅದನ್ನು ಅಭಿನಯಿಸಿದರು. ಅವಳು 1994ರ ಮೊದಲ ಕಂತಿನಲ್ಲಿಯೂ ಇದ್ದಳು, 2009ರ ಕೊನೆಯ ಸರಣಿಯಲ್ಲಿಯೂ ಇದ್ದಳು. ಹೆಸರಾಂತ ವೈದ್ಯರೆಲ್ಲ ಬಂದು ಹೋದರು, ಅವಳು ನಿಂತೇ ಇದ್ದಳು. ಆದರೆ ಹದಿನೈದು ವರ್ಷಗಳಲ್ಲಿ ಕಥೆಯು ಅವಳ ಮನೆಯ ಕಡೆಗೆ ತಿರುಗಿದ್ದು ಅಪರೂಪ.

ದಾದಿಯ ಕೆಲಸದ ತೂಕವನ್ನು ನಾಟಕವು ತೋರಿಸದಿದ್ದರೂ ಲೆಕ್ಕವು ತೋರಿಸಿಕೊಟ್ಟಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲಿಂಡಾ ಏಕೆನ್ ಎಂಬವರು ಸ್ವತಃ ದಾದಿ. ಅವರೂ ಅವರ ಸಂಗಡಿಗರೂ ಆ ಸಂಸ್ಥಾನದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ವಿವರವನ್ನೂ, 10,184 ದಾದಿಯರ ಉತ್ತರಗಳನ್ನೂ ಹೋಲಿಸಿ ನೋಡಿ, ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಒಬ್ಬ ದಾದಿಯ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆಲ್ಲ, ಮೂವತ್ತು ದಿನಗಳೊಳಗೆ ರೋಗಿಯು ತೀರಿಕೊಳ್ಳುವ ಸಂಭವವು ಶೇಕಡಾ 7ರಷ್ಟು ಹೆಚ್ಚಾಗಿ ಕಂಡುಬಂತು. ಕ್ಯಾಲಿಫೋರ್ನಿಯಾ ಸಂಸ್ಥಾನವು 1999ರಲ್ಲಿ ಶಾಸನ ಮಾಡಿ, 2004ರಿಂದ ತುರ್ತು ವಿಭಾಗದಲ್ಲಿ ನಾಲ್ವರು ರೋಗಿಗಳಿಗೆ ಒಬ್ಬ ದಾದಿಯಾದರೂ ಇರಲೇಬೇಕೆಂದು ವಿಧಿಸಿತು. ದಾದಿಯು ಇರುವುದೂ ಇಲ್ಲದಿರುವುದೂ ರೋಗಿಯ ಪಾಲಿಗೆ ಪ್ರಾಣದ ಮಾತು. ಇಷ್ಟು ತೂಕವುಳ್ಳ ಕೆಲಸವನ್ನು ಅಂಕ ಸಾಲದವರ ಆಶ್ರಯವೆಂದು ಹೇಳುವುದು ಹೇಗೆ?

7. ಒಂದು ಮೂತ್ರಪಿಂಡದ ಕಥೆ

2000ದ ಮೇ ತಿಂಗಳಲ್ಲಿ ಕ್ಯಾರೊಲಳು ತನ್ನ ಮಕ್ಕಳ ತಂದೆಯಾದ ಡಗ್ ರಾಸ್ ಎಂಬ ಮಕ್ಕಳ ವೈದ್ಯನಿರುವ ಸಿಯಾಟಲ್ ನಗರಕ್ಕೆ ಹೊರಟುಹೋದಳು. ಸುಮಾರು ಒಂಬತ್ತು ವರ್ಷಗಳ ತರುವಾಯ, 2009ರ ಮಾರ್ಚ್ ತಿಂಗಳ ಒಂದು ಕಂತಿನಲ್ಲಿ ನಾವು ಅವಳನ್ನು ಮತ್ತೆ ಕಾಣುತ್ತೇವೆ. ಅವಳು ಅಲ್ಲಿ ಅಂಗಾಂಗ ಕಸಿಯ ವ್ಯವಸ್ಥೆಯನ್ನು ನೋಡಿಕೊಳ್ಳುವ ದಾದಿಯಾಗಿದ್ದಾಳೆ. ಮಿದುಳು ಸತ್ತುಹೋದ ಒಬ್ಬ ಹುಡುಗನ ಅಜ್ಜಿಯು ದುಃಖದಿಂದ ಕಲ್ಲಾಗಿ ಕುಳಿತಿದ್ದಾಳೆ. ಹುಡುಗನ ಅಂಗಗಳನ್ನು ಕೊಟ್ಟರೆ ಬೇರೆಯವರು ಬದುಕುವರು. ಆದರೆ ಇದನ್ನು ಆ ಅಜ್ಜಿಗೆ ಹೇಳುವುದು ಹೇಗೆ? ಯಾವ ಕ್ಷಣದಲ್ಲಿ? ಆ ಕೆಲಸವನ್ನು ಡಗ್ಗನೂ ಕ್ಯಾರೊಲಳೂ ತಾಳ್ಮೆಯಿಂದ ಮಾಡುತ್ತಾರೆ. ಕೊನೆಗೆ ಅಜ್ಜಿಯು ಒಪ್ಪುತ್ತಾಳೆ.

ಆ ಹುಡುಗನ ಮೂತ್ರಪಿಂಡವೊಂದು ಶಿಕಾಗೋದಲ್ಲಿ ಕಾಯಿಲೆ ಬಿದ್ದಿರುವ ಒಬ್ಬ ವೈದ್ಯನಿಗೆ ಸಿಗುತ್ತದೆ. ಆ ವೈದ್ಯನೇ ಜಾನ್ ಕಾರ್ಟರ್! ಎಂದೋ ಬಡವರ ಚಿಕಿತ್ಸಾಲಯಕ್ಕೆ ಹಣವಿತ್ತ ಅಜ್ಜಿಯ ಮೊಮ್ಮಗನು ಇನ್ನೊಬ್ಬ ಅಜ್ಜಿಯ ಒಪ್ಪಿಗೆಯಿಂದ ಬದುಕುತ್ತಾನೆ. ನಡುವೆ ನಿಂತವಳು ಅದೇ ದಾದಿ. ತಾನು ಉಳಿಸಿದ್ದು ತನ್ನ ಹಳೆಯ ಸಂಗಡಿಗನನ್ನೆಂಬುದು ಕ್ಯಾರೊಲಳಿಗೆ ತಿಳಿಯುವುದೇ ಇಲ್ಲ. ದಾದಿಯ ವೃತ್ತಿಗೆ ಇದಕ್ಕಿಂತ ಸತ್ಯವಾದ ಚಿತ್ರವು ಸಿಕ್ಕುವುದು ಅಪರೂಪ. ಅವಳ ಕೈಯಿಂದ ಬದುಕಿ ಹೋದವರಲ್ಲಿ ಎಷ್ಟು ಮಂದಿಯ ಹೆಸರು ಅವಳಿಗೆ ನೆನಪಿರುತ್ತದೆ? ಅವಳ ಹೆಸರು ಎಷ್ಟು ಮಂದಿಗೆ ನೆನಪಿರುತ್ತದೆ?

8. ನಮ್ಮ ಹೆಣ್ಣುಮಕ್ಕಳ ಮಾತು

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಇಲ್ಲಿಯೂ ದಾದಿಯ ವಿದ್ಯೆಯು ಹೊಸದೇನಲ್ಲ, ಕೀಳೂ ಅಲ್ಲ. ಡಾಕ್ಟರ್ ಐಡಾ ಸ್ಕಡರ್ ಅವರು ವೆಲ್ಲೂರಿನಲ್ಲಿ 1909ರಲ್ಲಿ ದಾದಿಯರ ಶಾಲೆಯನ್ನು ತೆರೆದರು. 1946ರಲ್ಲಿ ವೆಲ್ಲೂರಿನಲ್ಲಿಯೂ ದೆಹಲಿಯಲ್ಲಿಯೂ ನರ್ಸಿಂಗ್ ಪದವಿಯ ಶಿಕ್ಷಣವು ಆರಂಭವಾಯಿತು. 1947ರ ಶಾಸನದಿಂದ ಭಾರತೀಯ ನರ್ಸಿಂಗ್ ಪರಿಷತ್ತು ಏರ್ಪಟ್ಟಿತು. ಈಗ ನಮ್ಮ ಹುಡುಗಿಯರು ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಯನ್ನು ಪಡೆದು, ಮುಂದೆ ಎಂ.ಎಸ್‌ಸಿ. ಮತ್ತು ಪಿಎಚ್.ಡಿ.ಯ ವರೆಗೂ ಓದಬಹುದು. ನಮ್ಮ ಕರ್ನಾಟಕದಲ್ಲಿ ಈ ವಿದ್ಯಾಲಯಗಳಲ್ಲಿ ಅನೇಕವು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ವೈದ್ಯ ವಿದ್ಯಾರ್ಥಿಗಳ ಪದವಿ ಪತ್ರವೂ ದಾದಿಯರ ಪದವಿ ಪತ್ರವೂ ಒಂದೇ ಮುದ್ರೆಯಿಂದ ಬರುತ್ತವೆ.

ಆದರೂ ತಂದೆತಾಯಿಗಳ ಅಂಜಿಕೆಯೆಲ್ಲ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ರಾತ್ರಿಯ ಪಾಳಿಯು ಕಷ್ಟ. ಖಾಸಗಿ ಆಸ್ಪತ್ರೆಗಳಲ್ಲಿ ಅನೇಕ ಕಡೆ ಸಂಬಳವು ಕಡಮೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ ಸಮಿತಿಯೊಂದು 2016ರಲ್ಲಿ, 50ಕ್ಕಿಂತ ಕಡಮೆ ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳವು ತಿಂಗಳಿಗೆ 20,000 ರೂಪಾಯಿಗೆ ಕಡಮೆಯಿರಬಾರದೆಂದು ಸಲಹೆ ಮಾಡಿತು. ಸಲಹೆಯನ್ನು ಮಾಡಬೇಕಾಗಿ ಬಂದದ್ದೇ ಕೊರತೆಗೆ ಸಾಕ್ಷಿ. ಆದರೆ ಈ ಕೊರತೆಯು ಕೆಲಸದ್ದಲ್ಲ, ಕೆಲಸವನ್ನು ಕೊಳ್ಳುವವರದು. ಗೌರವ ಕಡಮೆಯಾದಲ್ಲಿ ಸಂಬಳವೂ ಕಡಮೆಯಾಗುತ್ತದೆ. ಮನೆಯಲ್ಲಿ ನಾವೇ “ಬರೀ ನರ್ಸ್” ಎಂದು ಹೇಳುತ್ತಿರುವ ತನಕ ಆಸ್ಪತ್ರೆಯ ಯಜಮಾನನು ಬೇರೆ ಮಾತು ಹೇಳುವನೆಂದು ಎದುರುನೋಡುವುದು ಹೇಗೆ?

ಆದಕಾರಣ ಮಗಳ ಮುಂದಿನ ದಾರಿಯನ್ನು ಆರಿಸುವ ತಾಯ್ತಂದೆಗಳು ಮೂರು ಮಾತುಗಳನ್ನು ಮನಸ್ಸಿನಲ್ಲಿಡಬೇಕೆಂದು ಬೇಡುತ್ತೇನೆ.

ಮೊದಲನೆಯದು, ಮಗಳು ಯಾವುದಕ್ಕೆ ಹೆದರಿ ಓಡುತ್ತಿದ್ದಾಳೆಂಬುದನ್ನಲ್ಲ, ಯಾವುದರ ಕಡೆಗೆ ಹೋಗುತ್ತಿದ್ದಾಳೆಂಬುದನ್ನು ಕೇಳಿರಿ. ನೀಟ್ ಪರೀಕ್ಷೆಗೆ ಅಂಜಿ ನರ್ಸಿಂಗ್ ಎನ್ನುವವಳಿಗೆ ಧೈರ್ಯ ಹೇಳಿ ಪರೀಕ್ಷೆಗೆ ಕೂರಿಸಿರಿ. ಆದರೆ ರೋಗಿಯ ಬಳಿಯಲ್ಲಿರಬೇಕೆಂಬ ಬಯಕೆಯಿಂದ ಹಾಗೆನ್ನುವವಳನ್ನು ತಡೆಯಬೇಡಿರಿ.

ಎರಡನೆಯದು, ಆಯ್ಕೆಯು ಅವಳದಾಗಿರಲಿ. ಕ್ಯಾರೊಲಳು ಉಳಿದಳು, ಆಬಿಯು ಹೋದಳು. ಇಬ್ಬರೂ ತಮ್ಮ ಮನಸ್ಸನ್ನು ತಾವೇ ಓದಿ ನಿಶ್ಚಯಿಸಿದರು. ನೆರೆಮನೆಯವರು ಏನೆನ್ನುವರೆಂಬ ಭಯದಿಂದ ವೈದ್ಯಳಾದವಳೂ, ಬೇಗ ಕೆಲಸ ಸಿಗುವುದೆಂಬ ಮನೆಯವರ ಒತ್ತಾಯದಿಂದ ದಾದಿಯಾದವಳೂ ಮಂಚದ ಪಕ್ಕದಲ್ಲಿ ಒಂದೇ ರೀತಿಯಾಗಿ ಬಳಲುವರು.

ಮೂರನೆಯದು, ಅವಳು ಯಾವ ದಾರಿ ಹಿಡಿದರೂ ಮನೆಯ ಮಾತಿನಲ್ಲಿ ಅವಳ ಕೆಲಸವು ಚಿಕ್ಕದಾಗದಿರಲಿ.

9. ವೈದ್ಯನು ಬರೆದ ದೃಷ್ಟಾಂತ

ಸಮಾರ್ಯದವನ ದೃಷ್ಟಾಂತವು ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲಿ ಮಾತ್ರ ಬರುತ್ತದೆ. ಅದು ಲೂಕನ ಸುವಾರ್ತೆ. ಲೂಕನು ವೈದ್ಯನಾಗಿದ್ದನೆಂಬುದು ಸಭೆಯ ಹಳೆಯ ಸಂಪ್ರದಾಯ. ಆ ವೈದ್ಯನು ನಮಗಾಗಿ ಉಳಿಸಿಕೊಟ್ಟ ಕಥೆಯಲ್ಲಿ ವೈದ್ಯನೇ ಇಲ್ಲವೆಂಬುದನ್ನು ಗಮನಿಸಿರಿ. ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ್ದು, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದದ್ದು, ರಾತ್ರಿಯೆಲ್ಲ ಆರೈಕೆ ಮಾಡಿದ್ದು, ಮರುದಿನ ಹೊರಡುವಾಗ ಮುಂದಿನ ಖರ್ಚಿನ ಏರ್ಪಾಡು ಮಾಡಿ ಇನ್ನೊಬ್ಬರ ಕೈಗೆ ಒಪ್ಪಿಸಿದ್ದು, ಇವೆಲ್ಲ ಶುಶ್ರೂಷೆಯ ಕೆಲಸಗಳು. ಒಂದು ಪಾಳಿಯ ದಾದಿಯು ಮುಂದಿನ ಪಾಳಿಯವಳಿಗೆ ರೋಗಿಯನ್ನು ಒಪ್ಪಿಸಿ ಹೋಗುವುದು ಇಂದಿಗೂ ಹೀಗೆಯೇ. ನೆರೆಯವನೆಂದರೆ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಯೇಸುಸ್ವಾಮಿಯು ತೋರಿಸಿದ್ದು ಈ ಕೆಲಸವನ್ನೇ.

ಹಳೆಯ ವಿದ್ಯಾರ್ಥಿನಿಯರೇ, ಈ ಪುಟವನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ದಾದಿಯರಾಗಿದ್ದೀರಿ, ಕೆಲವರು ವೈದ್ಯರಾಗಿದ್ದೀರಿ, ಅನೇಕರು ಮನೆಯಲ್ಲಿ ವೃದ್ಧರನ್ನೂ ಮಕ್ಕಳನ್ನೂ ಆರೈಕೆ ಮಾಡುವವರಾಗಿದ್ದೀರಿ. ದಾದಿಯರಾದವರಿಗೆ ನಾನು ಹೇಳುವುದಿಷ್ಟೇ: ನೀವು ಅರ್ಧಕ್ಕೆ ನಿಂತವರಲ್ಲ; ನೀವು ಸೇರಬೇಕಾದ ಸ್ಥಳಕ್ಕೇ ಸೇರಿದವರು. ನಿಮ್ಮ ಮಗಳು ನಾಳೆ ಯಾವ ಕೆಲಸವನ್ನು ಬಯಸಿದರೂ ಇದನ್ನು ಅವಳಿಗೆ ಹೇಳಿರಿ.

ಮನೆಯಲ್ಲಿ ಮಾತಾಡಿಕೊಳ್ಳುವುದಕ್ಕಾಗಿ ಕೆಲವು ಪ್ರಶ್ನೆಗಳು

1. ಕ್ಯಾರೊಲಳು ಪರೀಕ್ಷೆಯನ್ನು ಬರೆಯದೆಯೇ ದಾದಿಯಾಗಿ ಉಳಿದಿದ್ದರೆ ಅವಳ ನಿಶ್ಚಯದ ಬೆಲೆಯು ಕಡಮೆಯಾಗುತ್ತಿತ್ತೇ? ಏಕೆ?

2. ಆಬಿಯ ಓದು ನಿಂತದ್ದಕ್ಕೆ ಕಾರಣವೇನು? ನಮ್ಮ ಮನೆಗಳಲ್ಲಿ ಹುಡುಗಿಯರ ಓದು ನಿಲ್ಲುವುದಕ್ಕೆ ಕಾರಣಗಳಾವುವು?

3. ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ ಆರೈಕೆ ಮಾಡಿದ ದಾದಿಯ ಹೆಸರು ನಿಮಗೆ ನೆನಪಿದೆಯೇ?